ಮೊದಲು ಬೀಳೋದು, ಆಮೇಲೆ ಬೀಳಿಸೋದು: ಏಳೆಂಟು ವರ್ಷದ ಮಕ್ಕಳ ಟ್ಯಾಕಲ್ ಫುಟ್‌ಬಾಲ್ ತಂಡಕ್ಕೆ ಕೋಚ್ ಆಗುವವರಿಗೆ ಸಮಗ್ರ ಮಾರ್ಗದರ್ಶಿ

ಪ್ರತಿ ಆಗಸ್ಟ್‌ನಲ್ಲಿ ನನಗೆ ಒಂದೇ ತರಹದ ಫೋನ್ ಬರುತ್ತದೆ. ಡಾಲಸ್ ಸುತ್ತಮುತ್ತ, ಅಟ್ಲಾಂಟಾ, ನ್ಯೂಜೆರ್ಸಿ ಕಡೆಯ ಕನ್ನಡದ ಅಪ್ಪ ಅಮ್ಮಂದಿರು. ಮಗ ಫುಟ್‌ಬಾಲ್ ಆಡ್ತೀನಿ ಅಂದ, ಅದೂ ಅಮೆರಿಕನ್ ಫುಟ್‌ಬಾಲ್, ಚೆಂಡು ಹಿಡಿದು ಓಡುವವನನ್ನು ತಬ್ಬಿ ಕೆಡವುವ, ಅಂದರೆ ಟ್ಯಾಕಲ್ ಮಾಡುವ ಆಟ. ಲೀಗ್‌ನವರು ಕೋಚ್ ಸಾಲದು ಅಂದರು. ಇವರು ಕೈ ಎತ್ತಿದರು. ಮೂರು ವಾರ ಕಳೆದ ಮೇಲೆ ತೊಂದರೆಯೂ ಒಂದೇ. ಆಟ ಶುರುವಾಗುವ ಮೊದಲೇ ಚೆಂಡು ನೆಲಕ್ಕೆ ಬೀಳುತ್ತದೆ. ಅರ್ಧ ಮಕ್ಕಳು ಮೈ ತಾಗಿದರೆ ಹೆದರುತ್ತಾರೆ, ಉಳಿದರ್ಧ ತಲೆ ತಗ್ಗಿಸಿ ನುಗ್ಗುತ್ತಾರೆ.

ವಿಚಾರಿಸಿದರೆ ಹೆಚ್ಚುಕಡಿಮೆ ಎಲ್ಲರೂ ಕ್ರಮ ತಪ್ಪಿಸಿರುತ್ತಾರೆ. ಮೊದಲ ವಾರವೇ ಹದಿನೈದು ಪ್ಲೇ (ಯಾರು ಎಲ್ಲಿ ಓಡಬೇಕು ಅನ್ನುವ ಆಟದ ಯೋಜನೆ) ಹೇಳಿಕೊಟ್ಟಿರುತ್ತಾರೆ, ಎರಡನೇ ವಾರ ಪ್ಯಾಡ್ ಹಾಕಿಸಿ ಡಿಕ್ಕಿ ಹೊಡೆಸಿರುತ್ತಾರೆ. ಬೀಳುವುದನ್ನು ಮಾತ್ರ ಯಾರೂ ಕಲಿಸಿರುವುದಿಲ್ಲ. ಬೀಳಲು ಗೊತ್ತಿಲ್ಲದ ಮಗು ಬೀಳಿಸಲು ಹೋಗುವುದಿಲ್ಲ, ಹೋದರೂ ಕಣ್ಣು ಮುಚ್ಚಿಕೊಂಡು ಹೋಗುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಬಿಟ್ಟು ಮುಂದಕ್ಕೆ ಹಾರಬೇಡಿ.

ಹಂತ 1: ಒಪ್ಪಿಕೊಳ್ಳುವ ಮೊದಲು ನಿಯಮ ಓದಿ

ಲೀಗ್‌ನ ನಿಯಮ ಪುಸ್ತಕ ತರಿಸಿಕೊಂಡು ಒಂದು ಸಂಜೆ ಪೂರ್ತಿ ಓದಿ. ಟಿವಿಯಲ್ಲಿ ಕಾಣುವ ಆಟಕ್ಕೂ ಈ ವಯಸ್ಸಿನ ಆಟಕ್ಕೂ ತುಂಬಾ ವ್ಯತ್ಯಾಸ ಇದೆ. ಪಾಪ್ ವಾರ್ನರ್ ಲೀಗನ್ನೇ ತೆಗೆದುಕೊಳ್ಳಿ. ಅಲ್ಲಿ ಟೈನಿ ಮೈಟ್ ಅಂದರೆ 5ರಿಂದ 7 ವರ್ಷದವರು, ಮೈಟಿ ಮೈಟ್ ಅಂದರೆ 7ರಿಂದ 9. ಅತಿ ಚಿಕ್ಕ ಮೂರು ವಿಭಾಗಗಳಲ್ಲಿ 2016ರಲ್ಲಿ ಕಿಕ್‌ಆಫ್ (ಚೆಂಡು ಒದ್ದು ಆಟ ಶುರು ಮಾಡುವುದು) ತೆಗೆದರು, 2019ರಲ್ಲಿ ಕೈ ನೆಲಕ್ಕೆ ಊರಿ ನಿಲ್ಲುವ ಮೂರು ಬಿಂದುವಿನ ನಿಲುವನ್ನು ತೆಗೆದರು. ಕೆಲವು ಲೀಗ್‌ಗಳಲ್ಲಿ ತೂಕ ಜಾಸ್ತಿ ಇರುವ ಮಗು ಚೆಂಡು ಹಿಡಿದು ಓಡುವಂತಿಲ್ಲ. ಪ್ರತಿ ಮಗುವೂ ಕನಿಷ್ಠ ಇಷ್ಟು ಪ್ಲೇ ಆಡಲೇಬೇಕು ಅನ್ನುವ ನಿಯಮವೂ ಸಾಮಾನ್ಯ.

ರಾಜ್ಯದ ಕಾನೂನನ್ನೂ ನೋಡಿ. ಕ್ಯಾಲಿಫೋರ್ನಿಯಾದಲ್ಲಿ 2021ರಿಂದ ಮಕ್ಕಳ ತಂಡಗಳಿಗೆ ಪೂರ್ತಿ ಮೈತಾಗುವ ಅಭ್ಯಾಸ ವಾರಕ್ಕೆ ಎರಡೇ ದಿನ, ದಿನಕ್ಕೆ 30 ನಿಮಿಷ ಮಾತ್ರ. ನಿಮ್ಮ ರಾಜ್ಯದಲ್ಲಿ ಅಂಥ ಕಾನೂನು ಇಲ್ಲದಿದ್ದರೂ ಆ ಮಿತಿಯನ್ನೇ ಇಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚು ಬೇಕಾಗುವುದೇ ಇಲ್ಲ.

ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಹೆಡ್ಸ್ ಅಪ್ ಅನ್ನುವ ಕನ್ಕಷನ್ (ಪೆಟ್ಟಿನಿಂದ ಮಿದುಳು ಅಲುಗಿ ಆಗುವ ಗಾಯ) ಕೋರ್ಸ್ ಆನ್‌ಲೈನ್‌ನಲ್ಲಿ ಉಚಿತ. ನೀವೂ ಮಾಡಿ, ನಿಮ್ಮ ಸಹಾಯಕ ಕೋಚ್‌ಗಳ ಕೈಯಲ್ಲೂ ಮಾಡಿಸಿ. ಸಿಪಿಆರ್ ತರಬೇತಿ ಪಡೆದವರೊಬ್ಬರು ಪ್ರತಿ ಅಭ್ಯಾಸಕ್ಕೂ ಇರಬೇಕು.

ಒಂದು ಮಾತು ನೇರವಾಗಿ ಹೇಳಬೇಕು. ಈ ವಯಸ್ಸಿಗೆ ಟ್ಯಾಕಲ್ ಬೇಡ, ಬೀಳಿಸದೆ ಸೊಂಟದ ಪಟ್ಟಿ ಕಿತ್ತು ಓಟ ನಿಲ್ಲಿಸುವ ಫ್ಲ್ಯಾಗ್ ಫುಟ್‌ಬಾಲ್ ಸಾಕು ಅನ್ನುವ ವೈದ್ಯರು ಬಹಳ ಜನ ಇದ್ದಾರೆ. ತಲೆಗೆ ಮತ್ತೆ ಮತ್ತೆ ಬೀಳುವ ಸಣ್ಣ ಪೆಟ್ಟುಗಳ ಬಗ್ಗೆ ಅವರಿಗಿರುವ ಚಿಂತೆ ಗಟ್ಟಿಯಾದದ್ದು. ಪೋಷಕರು ಕೇಳಿದಾಗ ಇದನ್ನು ಮುಚ್ಚಿಡಬೇಡಿ. ಮಗು ಫ್ಲ್ಯಾಗ್ ಆಡಲಿ ಅಂದುಕೊಂಡವರನ್ನು ಮನವೊಲಿಸಲು ಹೋಗಬೇಡಿ.

ಹಂತ 2: ಸಾಮಾನು, ಅದರಲ್ಲೂ ಹೆಲ್ಮೆಟ್

ನಿಮಗೆ ಬೇಕಾಗುವುದು ಇಷ್ಟು: ಹನ್ನೆರಡು ಕೋನ್, ಕೈಯಲ್ಲಿ ಹಿಡಿಯುವ ಐದಾರು ಶೀಲ್ಡ್, ಜಿಮ್ನಾಸ್ಟಿಕ್ಸ್‌ನ ದಪ್ಪ ಮೆತ್ತೆ ಒಂದು, ಉರುಳುವ ಟ್ಯಾಕಲ್ ರಿಂಗ್ ಒಂದು, ಪೀ ವೀ ಅಳತೆಯ ಆರು ಚೆಂಡು, ಸೀಟಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ದೊಡ್ಡವರ ಚೆಂಡು ತರಬೇಡಿ, ಆ ಪುಟ್ಟ ಬೆರಳುಗಳಿಗೆ ಹಿಡಿತ ಸಿಗುವುದಿಲ್ಲ. ಟೆಕ್ಸಾಸ್‌ನಂಥ ಜಾಗದಲ್ಲಿ ಮಗು ಕೂರುವಷ್ಟು ದೊಡ್ಡ ಟಬ್, ಅದಕ್ಕೆ ಬೇಕಾದಷ್ಟು ಐಸ್ ಕಡ್ಡಾಯ. ಮೈದಾನದ ವಿಳಾಸ ಬರೆದ ಕಾರ್ಡ್ ಒಂದು ಪೆಟ್ಟಿಗೆಯಲ್ಲಿರಲಿ. 911ಕ್ಕೆ ಕರೆ ಮಾಡಿದಾಗ ಗಾಬರಿಯಲ್ಲಿ ವಿಳಾಸ ಬಾಯಿಗೆ ಬರುವುದಿಲ್ಲ.

ಹೆಲ್ಮೆಟ್ ಹಂಚುವ ದಿನ ಆತುರ ಮಾಡಬೇಡಿ. ಒಂದು ಮಗುವಿಗೆ ಹತ್ತು ನಿಮಿಷ ಕೊಡಿ. ಹುಬ್ಬಿನಿಂದ ಒಂದು ಇಂಚು ಮೇಲೆ ಟೇಪ್ ಸುತ್ತಿ ತಲೆಯ ಅಳತೆ ತೆಗೆಯಿರಿ, ಆ ಕಂಪನಿಯ ಅಳತೆ ಪಟ್ಟಿ ನೋಡಿ ಆರಿಸಿ. ಹಾಕಿದ ಮೇಲೆ ಮುಂದಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು. ಕಿವಿಯ ತೂತು ಕಿವಿಯ ನೇರಕ್ಕೆ ಬರಬೇಕು. ದವಡೆಯ ಪ್ಯಾಡ್ ಕೆನ್ನೆಗೆ ತಾಗಬೇಕು. ಗದ್ದದ ಪಟ್ಟಿಯ ನಾಲ್ಕೂ ಗುಂಡಿ ಹಾಕಿದಾಗ ಬಿಗಿ ಎರಡು ಕಡೆ ಒಂದೇ ಇರಬೇಕು.

ಈಗ ಮುಖದ ಜಾಲರಿ ಹಿಡಿದು ಮೆಲ್ಲಗೆ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಅಲ್ಲಾಡಿಸಿ. ಹಣೆಯ ಚರ್ಮ ಹೆಲ್ಮೆಟ್ ಜೊತೆಯಲ್ಲೇ ಚಲಿಸಬೇಕು. ಹೆಲ್ಮೆಟ್ ಒಂದೇ ಜಾರಿದರೆ ಅದು ಸಡಿಲ. ತಲೆ ಬೆಳೆಯುತ್ತದೆ ಅಂತ ಮುಂದಿನ ವರ್ಷದ ಅಳತೆ ತೆಗೆದುಕೊಳ್ಳುವ ಅಭ್ಯಾಸ ನಮ್ಮವರಲ್ಲಿ ಇದೆ. ಶಾಲೆಯ ಅಂಗಿಗೆ ಅದು ಸರಿ, ಇಲ್ಲಿ ಅದು ಅಪಾಯ. ಕೂದಲೂ ಲೆಕ್ಕಕ್ಕೆ ಬರುತ್ತದೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ತಿರುಪತಿಯಲ್ಲಿ ಮುಡಿ ಕೊಟ್ಟು ಬಂದ ಹುಡುಗನೊಬ್ಬನಿಗೆ ಹಿಂದಿನ ವರ್ಷದ ಹೆಲ್ಮೆಟ್ ಒಂದು ಬೆರಳು ಸಡಿಲವಾಗಿತ್ತು. ಕೂದಲು ಕತ್ತರಿಸಿದಾಗಲೆಲ್ಲ ಮತ್ತೆ ನೋಡಿ. ಗಾಳಿ ತುಂಬುವ ಪ್ಯಾಡ್ ಇದ್ದರೆ ವಾರಕ್ಕೊಮ್ಮೆ ಪರೀಕ್ಷಿಸಿ.

ಹೆಲ್ಮೆಟ್ ಮೇಲೆ ನಾಕ್ಸಿ (NOCSAE) ಸುರಕ್ಷತಾ ಮಾನದಂಡದ ಗುರುತು ಇದೆಯಾ ನೋಡಿ. ಬಿರುಕು ಬಿಟ್ಟದ್ದನ್ನು ಪಕ್ಕಕ್ಕಿಡಿ. ಎಷ್ಟೇ ದುಬಾರಿ ಹೆಲ್ಮೆಟ್ ಆದರೂ ಕನ್ಕಷನ್ ತಡೆಯುವುದಿಲ್ಲ. ಅದು ತಲೆಬುರುಡೆ ಒಡೆಯದಂತೆ ನೋಡಿಕೊಳ್ಳುತ್ತದೆ, ಒಳಗಿನ ಮಿದುಳು ಅಲುಗುವುದನ್ನು ನಿಲ್ಲಿಸಲಾರದು. ಇದನ್ನು ಪೋಷಕರಿಗೂ ಹೇಳಿ.

ಭುಜದ ಪ್ಯಾಡ್ ಹಾಕಿಸಿ ಎರಡೂ ಕೈ ಮೇಲೆತ್ತಿಸಿ. ಕುತ್ತಿಗೆ ಒತ್ತಿದರೆ ಚಿಕ್ಕದು. ಬಾಯಿಯ ಗಾರ್ಡ್ ಬಿಸಿನೀರಿನಲ್ಲಿ ಅದ್ದಿ ಕಚ್ಚಿಸಿ ಅಚ್ಚು ತೆಗೆಯುವಂಥದ್ದು ಇರಲಿ.

ಹಂತ 3: ಪೋಷಕರ ಸಭೆ

ಅರ್ಧ ಗಂಟೆ ಸಾಕು. ಮೂರು ವಿಷಯ ಹೇಳಿ. ಎಲ್ಲ ಮಕ್ಕಳೂ ಆಡುತ್ತಾರೆ. ಪೆಟ್ಟಾದ ಅನುಮಾನ ಬಂದರೆ ಮಗುವನ್ನು ಹೊರಗೆ ಕೂರಿಸುತ್ತೇನೆ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ತೂಕದ ಮಿತಿಗಾಗಿ ಮಗುವನ್ನು ಉಪವಾಸ ಕೆಡವಬಾರದು. ಈ ಮೂರನೆಯದನ್ನು ಎರಡು ಸಲ ಹೇಳಿ. ತೂಕ ಹಾಕುವ ದಿನ ನೀರೂ ಕೊಡದೆ ಕರೆತಂದ ಅಪ್ಪಂದಿರನ್ನು ನಾನು ನೋಡಿದ್ದೇನೆ. ತೂಕ ಜಾಸ್ತಿಯಾದರೆ ಮಗು ಮೇಲಿನ ವಿಭಾಗದಲ್ಲಿ ಆಡಲಿ, ಇಲ್ಲವೇ ಮುಂದಿನ ಸಾಲಿನಲ್ಲಿ, ಅಂದರೆ ಲೈನ್‌ನಲ್ಲಿ, ಆಡಲಿ.

ಆಸ್ತಮಾ, ಅಲರ್ಜಿ, ಹಿಂದೆ ತಲೆಗೆ ಆದ ಪೆಟ್ಟು ಎಲ್ಲವನ್ನೂ ಬರೆಸಿಕೊಳ್ಳಿ. ಮೂರು ಜನ ಸಹಾಯಕರನ್ನು ಅಲ್ಲೇ ಹುಡುಕಿ. ಆಟ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಸಮಯಕ್ಕೆ ಬರುವವರು ಬೇಕು.

ಹಂತ 4: ಮೊದಲ ವಾರ, ಮೈ ತಾಗಿಸದೆ

ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಮೊದಲ ದಿನವೇ ಪೂರ್ತಿ ಪ್ಯಾಡ್ ಹಾಕಿಸಬೇಡಿ. ಮೊದಲು ಟೀ ಶರ್ಟು ಚಡ್ಡಿ, ಆಮೇಲೆ ಹೆಲ್ಮೆಟ್, ಆಮೇಲೆ ಭುಜದ ಪ್ಯಾಡ್, ಕೊನೆಗೆ ಎಲ್ಲವೂ. ಹದಿನೈದು ನಿಮಿಷಕ್ಕೊಮ್ಮೆ ನೀರು. ತಪ್ಪು ಮಾಡಿದ ಮಗುವಿಗೆ ಶಿಕ್ಷೆ ಅಂತ ಓಡಿಸಬೇಡಿ, ನೀರು ತಡೆಹಿಡಿಯುವುದಂತೂ ಬೇಡವೇ ಬೇಡ.

ಅಭ್ಯಾಸ 90 ನಿಮಿಷ ದಾಟಬಾರದು. ಮಕ್ಕಳನ್ನು ನಾಲ್ಕೈದು ಜನರ ಗುಂಪು ಮಾಡಿ, ಪ್ರತಿ ಗುಂಪಿಗೆ ಒಬ್ಬ ದೊಡ್ಡವರು, ಎಂಟು ನಿಮಿಷಕ್ಕೊಮ್ಮೆ ಜಾಗ ಬದಲು. ಇಪ್ಪತ್ತು ಮಕ್ಕಳು ಒಂದು ಸಾಲಿನಲ್ಲಿ ನಿಂತು ಸರದಿ ಕಾಯುವುದು ಹೊಸ ಕೋಚ್‌ಗಳ ಅತಿ ಸಾಮಾನ್ಯ ತಪ್ಪು. ಸಾಲಿನಲ್ಲಿ ನಿಂತ ಮಗು ಹುಲ್ಲು ಕೀಳುತ್ತದೆ, ಪಕ್ಕದವನನ್ನು ತಳ್ಳುತ್ತದೆ. ಅದು ಮಗುವಿನ ತಪ್ಪಲ್ಲ ಅಲ್ವಾ?

ಈ ವಾರ ಕಲಿಸಬೇಕಾದ್ದು ಎರಡೇ. ಒಂದು, ನಿಲ್ಲುವುದು. ಕಾಲು ಭುಜದಷ್ಟು ಅಗಲ, ಮೊಣಕಾಲು ಬಾಗಿರಲಿ, ಬೆನ್ನು ನೇರ, ಕಣ್ಣು ಮುಂದೆ. ಕಬಡ್ಡಿಯಲ್ಲಿ ರೈಡರ್ ಬರುವಾಗ ಹಿಡಿಯುವವರು ನಿಲ್ಲುತ್ತಾರಲ್ಲ, ಹೆಚ್ಚುಕಡಿಮೆ ಹಾಗೇ. ಎರಡು, ಬೀಳುವುದು. ಮೆತ್ತೆಯ ಮೇಲೆ ಮೊಣಕಾಲೂರಿ ಕೂರಿಸಿ. ಗದ್ದ ಎದೆಗೆ, ಚೆಂಡು ಎರಡೂ ಕೈಯಲ್ಲಿ, ಭುಜದ ಹಿಂಭಾಗದ ಮೇಲೆ ಉರುಳಬೇಕು. ಬೀಳುವಾಗ ಕೈ ಚಾಚುವುದು ಹುಟ್ಟುಗುಣ. ಮಣಿಕಟ್ಟು ಮುರಿಯುವುದು ಹಾಗೆಯೇ. ಅದಕ್ಕೇ ಚೆಂಡು ಕೊಟ್ಟು ಬೀಳಿಸಿ, ಕೈಗೆ ಕೆಲಸ ಇದ್ದರೆ ಅದು ಚಾಚುವುದಿಲ್ಲ. ಮೊಣಕಾಲಿನಿಂದ, ನಿಂತಲ್ಲಿಂದ, ನಡೆಯುತ್ತಾ, ಕೊನೆಗೆ ನಿಧಾನ ಓಡುತ್ತಾ. ಮಕ್ಕಳು ನಗುತ್ತಾ ಬೀಳಲು ಶುರು ಮಾಡಿದರೆ ಈ ಹಂತ ಮುಗಿಯಿತು ಅಂತ ತಿಳಿಯಿರಿ.

ಹಂತ 5: ಅಪಾಯದ ಗುರುತುಗಳು, ಮೈ ತಾಗಿಸುವ ಮೊದಲೇ

ಇದನ್ನು ನಿಮ್ಮ ಸಹಾಯಕರ ಜೊತೆ ಕೂತು ಓದಿ. ಕನ್ಕಷನ್ ಆಗಲು ಪ್ರಜ್ಞೆ ತಪ್ಪಬೇಕಾಗಿಲ್ಲ. ಮಗು ಮಂಕಾಗಿ ನಿಂತಿದ್ದರೆ, ಉತ್ತರ ತಡವಾಗಿ ಬಂದರೆ, ಯಾವ ಕಡೆ ಓಡಬೇಕು ಅಂತ ಮರೆತರೆ, ತಲೆನೋವು, ವಾಕರಿಕೆ, ಬೆಳಕು ಚುಚ್ಚುತ್ತದೆ, ಏನೋ ಸರಿಯಿಲ್ಲ ಅಂದರೆ ಆಟದಿಂದ ಹೊರಗೆ. ಆ ದಿನ ಮತ್ತೆ ಒಳಗಿಲ್ಲ. ವೈದ್ಯರು ಬರೆದು ಕೊಟ್ಟ ಮೇಲೆ ಹಂತ ಹಂತವಾಗಿ ಮರಳಬೇಕು, ಒಂದೊಂದು ಹಂತಕ್ಕೆ ಕನಿಷ್ಠ 24 ಗಂಟೆ. ತಲೆನೋವು ಹೆಚ್ಚುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ, ಮಾತು ತೊದಲಿದರೆ, ಕೈಕಾಲು ಜೋಮು ಹಿಡಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಕೂಡಲೇ 911. ಕತ್ತು ನೋವು ಅಂದು ಬಿದ್ದಲ್ಲೇ ಇರುವ ಮಗುವನ್ನು ಎತ್ತಬೇಡಿ, ಹೆಲ್ಮೆಟ್ ತೆಗೆಯಬೇಡಿ.

ಬಿಸಿಲಿನ ಹೊಡೆತದಲ್ಲಿ ಮಗು ತಡವರಿಸುತ್ತದೆ, ಸಿಡುಕುತ್ತದೆ, ಅರ್ಥವಿಲ್ಲದ ಮಾತಾಡುತ್ತದೆ, ಕುಸಿಯುತ್ತದೆ. ಬೆವರುತ್ತಲೇ ಇರಬಹುದು, ಅದನ್ನು ನೋಡಿ ಮೋಸಹೋಗಬೇಡಿ. 911ಕ್ಕೆ ಕರೆ ಮಾಡಿ, ಪ್ಯಾಡ್ ಕಳಚಿ, ಕತ್ತಿನವರೆಗೆ ಐಸ್ ನೀರಿನ ಟಬ್‌ನಲ್ಲಿ ಕೂರಿಸಿ, ತಲೆ ಮುಳುಗದಂತೆ ಒಬ್ಬರು ಹಿಡಿದುಕೊಳ್ಳಿ. ಮೊದಲು ತಂಪು ಮಾಡಬೇಕು, ಆಮೇಲೆ ಆಸ್ಪತ್ರೆಗೆ ಸಾಗಿಸಬೇಕು. ಆಂಬುಲೆನ್ಸ್ ಬರಲಿ ಅಂತ ಸುಮ್ನೆ ನೆರಳಲ್ಲಿ ಮಲಗಿಸಿಕೊಂಡು ಕಾಯಬೇಡಿ.

ಹಂತ 6: ಟ್ಯಾಕಲ್

ತಲೆಯಿಂದ ಹೊಡೆಯುವುದು ಇಲ್ಲವೇ ಇಲ್ಲ. ಹಳೆಯ ಕೋಚ್‌ಗಳು ತಲೆಯನ್ನು ಓಡುವವನ ಮುಂದಕ್ಕೆ ಹಾಕಿ ಅಡ್ಡಗಟ್ಟು ಅನ್ನುತ್ತಿದ್ದರು. ಅಲ್ಲಿ ತಲೆಗೇ ಪೆಟ್ಟು. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಸಿಯಾಟಲ್ ಸೀಹಾಕ್ಸ್ ತಂಡ 2014ರಲ್ಲಿ ರಗ್ಬಿಯಿಂದ ತಂದ ಭುಜದ ಟ್ಯಾಕಲ್ ಅನ್ನು ವಿಡಿಯೊ ಮಾಡಿ ಹಂಚಿತು. ಮಕ್ಕಳಿಗೆ ಅದೇ ಸರಿ. ನಮ್ಮಲ್ಲಿ ಕಬಡ್ಡಿ ಆಡಿದವರಿಗೆ ತೊಡೆ ಹಿಡಿಯುವ ಪಟ್ಟು ಗೊತ್ತಿರುತ್ತದೆ. ಅದನ್ನು ನೆನಪಿಸಿಕೊಂಡರೆ ಅರ್ಧ ಕೆಲಸ ಆದಂತೆ.

ನಾಲ್ಕು ತುಂಡು ಮಾಡಿ ಕಲಿಸಿ. ಮೊದಲನೆಯದು ಹತ್ತಿರ ಹೋಗುವುದು. ಅಂಗಳದಲ್ಲಿ ಕೋಳಿ ಹಿಡಿದವರಿಗೆ ಇದು ಗೊತ್ತು. ನೇರ ನುಗ್ಗಿದರೆ ಅದು ಪಕ್ಕಕ್ಕೆ ಜಾರುತ್ತದೆ. ಮೂರು ಗಜ ಉಳಿದಾಗ ಹೆಜ್ಜೆ ಚಿಕ್ಕದಾಗಬೇಕು, ಕಣ್ಣು ಓಡುವವನ ಹತ್ತಿರದ ಸೊಂಟದ ಮೇಲಿರಬೇಕು. ಎರಡನೆಯದು ಕಾಲು. ಯಾವ ಭುಜ ತಾಗಿಸುತ್ತೀಯೋ ಅದೇ ಕಡೆಯ ಕಾಲು ಓಡುವವನ ಕಾಲ ಹತ್ತಿರ ಊರಬೇಕು. ಕಾಲು ದೂರ ಉಳಿದರೆ ಮಗು ಹಾರುತ್ತದೆ, ಹಾರಿದರೆ ತಲೆ ತಗ್ಗುತ್ತದೆ. ಮೂರನೆಯದು ಭುಜ. ತೊಡೆಗೆ ಭುಜ, ಕಣ್ಣು ಮೇಲೆ, ತಲೆ ಓಡುವವನ ಹಿಂಬದಿಗೆ. ನಾಲ್ಕನೆಯದು ತಬ್ಬುವುದು. ಎರಡೂ ಕೈ ತೊಡೆಯ ಹಿಂದೆ ಸೇರಿಸಿ ಬಿಗಿಯಾಗಿ ಎಳೆದುಕೊಂಡು ಐದು ಹೆಜ್ಜೆ ತಳ್ಳಬೇಕು.

ಯುಎಸ್‌ಎ ಫುಟ್‌ಬಾಲ್ ಸಂಸ್ಥೆ ಮೈತಾಗುವಿಕೆಯನ್ನು ಐದು ಮಟ್ಟ ಮಾಡಿದೆ. ಏರ್ ಅಂದರೆ ಎದುರಾಳಿ ಇಲ್ಲದೆ, ಬ್ಯಾಗ್ ಅಂದರೆ ಮೆತ್ತೆಗೆ ಅಥವಾ ಶೀಲ್ಡ್‌ಗೆ, ಕಂಟ್ರೋಲ್ ಅಂದರೆ ಯಾರು ಹಿಡಿಯಬೇಕು ಅಂತ ಮೊದಲೇ ಹೇಳಿ ನಿಧಾನವಾಗಿ, ಥಡ್ ಅಂದರೆ ವೇಗವಾಗಿ ಬಂದು ತಾಗಿದರೂ ಬೀಳಿಸದೆ, ಲೈವ್ ಅಂದರೆ ಆಟದಂತೆಯೇ. ಏಳೆಂಟು ವರ್ಷದವರ ಕಾಲ ಬಹುಪಾಲು ಮೊದಲ ಮೂರರಲ್ಲೇ ಕಳೆಯಬೇಕು. ಉರುಳುವ ರಿಂಗ್ ಇಲ್ಲಿ ಬಹಳ ಕೆಲಸಕ್ಕೆ ಬರುತ್ತದೆ, ಅದಕ್ಕೆ ನೋವೂ ಇಲ್ಲ, ಭಯವೂ ಇಲ್ಲ.

ಮಕ್ಕಳನ್ನು ಎದುರುಬದುರು ನಿಲ್ಲಿಸುವಾಗ ಮಧ್ಯೆ ಮೂರು ಗಜಕ್ಕಿಂತ ಜಾಸ್ತಿ ಅಂತರ ಬೇಡ. ಹೆಚ್ಚು ದೂರದಿಂದ ಪೂರ್ತಿ ವೇಗದಲ್ಲಿ ಮುಖಾಮುಖಿ ಓಡಿಸುವ ಡ್ರಿಲ್‌ಗಳನ್ನು ಪಾಪ್ ವಾರ್ನರ್ 2012ರಲ್ಲೇ ನಿಷೇಧಿಸಿತು. ಒಬ್ಬರ ಮೇಲೊಬ್ಬರನ್ನು ಬಿಡುವ ಒಕ್ಲಹೋಮ ಡ್ರಿಲ್ ಅನ್ನು 2019ರಲ್ಲಿ ಎನ್‌ಎಫ್‌ಎಲ್ ಕೂಡ ನಿಲ್ಲಿಸಿತು. ಸಂಬಳ ಪಡೆಯುವ ದೊಡ್ಡವರಿಗೇ ಬೇಡವಾದದ್ದನ್ನು ಎರಡನೇ ತರಗತಿಯ ಮಗುವಿನ ಕೈಲಿ ಮಾಡಿಸಬೇಡಿ. ಜೋಡಿ ಮಾಡುವಾಗ ತೂಕ, ಎತ್ತರ ಮಾತ್ರ ಸಾಲದು, ಅನುಭವವನ್ನೂ ನೋಡಿ.

ಗಮನಿಸಬೇಕಾದ ಗುರುತುಗಳು: ತಾಗುವ ಕ್ಷಣ ಕಣ್ಣು ಮುಚ್ಚುವುದು, ಬೆನ್ನು ತಿರುಗಿಸುವುದು, ಅಂಗಿ ಮಾತ್ರ ಹಿಡಿಯುವುದು, ನೆಲ ನೋಡುವುದು. ಇವು ಕಂಡರೆ ಬೈಯಬೇಡಿ, ಒಂದು ಮಟ್ಟ ಕೆಳಗಿಳಿಸಿ. ಅಭ್ಯಾಸದ ದಿನ ಮಾತ್ರ ಹೊಟ್ಟೆನೋವು ಅನ್ನುವ ಮಗು ಭಯದಲ್ಲಿದೆ. ಅದನ್ನು ಮತ್ತೆ ಮೆತ್ತೆಗೆ ಕರೆದುಕೊಂಡು ಹೋಗಿ, ಬೀಳುವುದರಿಂದ ಶುರು ಮಾಡಿ.

ಹಂತ 7: ಸ್ನ್ಯಾಪ್

ಈ ವಯಸ್ಸಿನಲ್ಲಿ ಪಂದ್ಯ ಸೋಲುವುದು ಹೆಚ್ಚಾಗಿ ಇಲ್ಲೇ. ಲೈನ್‌ನ ಮಧ್ಯದಲ್ಲಿರುವ ಸೆಂಟರ್ ಕಾಲ ಮಧ್ಯದಿಂದ ಚೆಂಡು ಹಿಂದಕ್ಕೆ ಕೊಡುತ್ತಾನೆ, ಅದೇ ಸ್ನ್ಯಾಪ್. ಹಿಂದೆ ನಿಂತು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಹಿಡಿಯುವಷ್ಟರಲ್ಲಿ ಚೆಂಡು ನೆಲದ ಮೇಲೆ. ಕಾರಣ ಹೆಚ್ಚಾಗಿ ಕ್ವಾರ್ಟರ್‌ಬ್ಯಾಕ್. ಅವನು ಬೇಗ ಹಿಂದೆ ಸರಿಯುತ್ತಾನೆ. ಎಸೆಯುವ ಕೈ ಮೇಲೆ, ಇನ್ನೊಂದು ಕೆಳಗೆ, ಮಣಿಕಟ್ಟುಗಳು ಅಂಟಿರಲಿ, ಮೇಲಿನ ಕೈ ಸೆಂಟರ್‌ಗೆ ಒತ್ತಿದ್ದು ತಿಳಿಯಬೇಕು. ಸೆಂಟರ್ ಮುಂದೆ ಹೆಜ್ಜೆ ಇಟ್ಟಾಗ ಇವನ ಕೈಯೂ ಜೊತೆಗೆ ಸ್ವಲ್ಪ ಮುಂದೆ ಹೋಗಬೇಕು.

ಪ್ರತಿ ಅಭ್ಯಾಸದಲ್ಲಿ 25 ಸ್ನ್ಯಾಪ್, ಅದರಲ್ಲಿ ಐದು ಒದ್ದೆ ಚೆಂಡಿನಲ್ಲಿ. ಮೂವರು ಸೆಂಟರ್‌ಗಳನ್ನು ತಯಾರು ಮಾಡಿ. ಸೆಂಟರ್ ಆಗಿ ಉಳಿದ ದಡ್ಡನನ್ನು ಹಾಕಿದರಾಯಿತು ಅಂದುಕೊಳ್ಳಬೇಡಿ. ಮಾತು ಕೇಳುವ, ತಾಳ್ಮೆ ಇರುವ ಮಗು ಅಲ್ಲಿರಬೇಕು. ಸ್ನ್ಯಾಪ್‌ನ ಕೂಗು ಯಾವಾಗಲೂ ಒಂದೇ ಇರಲಿ. ಕೂಗು ಬದಲಿಸಿ ಎದುರಾಳಿಯನ್ನು ಮೋಸ ಮಾಡಲು ಹೋದರೆ ನಿಮ್ಮ ಮಕ್ಕಳೇ ಮೊದಲು ಮೋಸಹೋಗುತ್ತಾರೆ.

ಹಂತ 8: ನಾಲ್ಕೇ ಪ್ಲೇ

ಮಧ್ಯಕ್ಕೆ ನುಗ್ಗುವ ಡೈವ್, ಲೈನ್‌ನಲ್ಲಿ ಟ್ಯಾಕಲ್ ಅನ್ನುವ ಜಾಗದಲ್ಲಿ ಆಡುವವನ ಹೊರಗೆ ಹೋಗುವ ಪವರ್, ಪಕ್ಕಕ್ಕೆ ಸುತ್ತುವ ಸ್ವೀಪ್, ಒಂದು ಕಡೆ ತೋರಿಸಿ ಇನ್ನೊಂದು ಕಡೆ ಹೋಗುವ ಕೌಂಟರ್. ಇಷ್ಟೇ. ಸಾಮಾನ್ಯವಾಗಿ ಲೈನ್‌ನ ಸಂದುಗಳಿಗೆ ಬಲಕ್ಕೆ ಸರಿಸಂಖ್ಯೆ, ಎಡಕ್ಕೆ ಬೆಸಸಂಖ್ಯೆ ಕೊಡುತ್ತಾರೆ. ಎರಡನೇ ತರಗತಿಯ ಮಗುವಿಗೆ ಅದು ಗೊಂದಲ ಆದರೆ ಬಣ್ಣದ ಹೆಸರು ಕೊಡಿ. ಲೈನ್‌ನ ಮಕ್ಕಳನ್ನು ಪಾದಕ್ಕೆ ಪಾದ ತಾಗುವಷ್ಟು ಹತ್ತಿರ ನಿಲ್ಲಿಸಿ, ಆಗ ಮಧ್ಯೆ ಯಾರೂ ನುಸುಳುವುದಿಲ್ಲ.

ಪ್ರತಿ ಪ್ಲೇಯನ್ನೂ ಹತ್ತು ಸಲ ನಡೆದು, ಹತ್ತು ಸಲ ನಿಧಾನ ಓಡಿ, ಆಮೇಲೆ ವೇಗದಲ್ಲಿ. ಬಲಗಡೆ ಪೂರ್ತಿ ಬಂದ ಮೇಲೆ ಎಡಗಡೆ. ಮೊದಲ ಪಂದ್ಯಕ್ಕೆ ಎರಡು ಪ್ಲೇ ಸರಿಯಾಗಿ ಬಂದಿದ್ದರೂ ಸಾಕು. ಬ್ಲಾಕ್ ಮಾಡುವುದನ್ನು, ಅಂದರೆ ಎದುರಾಳಿಯನ್ನು ತಡೆಯುವುದನ್ನು, ಬೇರೆ ಪಾಠ ಮಾಡಬೇಡಿ. ಅಂಗೈ ಎದೆಗೆ, ಮೊಣಕೈ ಒಳಗೆ, ಕಾಲು ನಿಲ್ಲದೆ ಓಡುತ್ತಿರಲಿ. ಹಿಂದಿನಿಂದ ಯಾರನ್ನೂ ತಳ್ಳಬಾರದು ಅನ್ನುವುದನ್ನು ಮಾತ್ರ ದಿನಾ ಹೇಳಿ.

ಹಂತ 9: ಡಿಫೆನ್ಸ್, ಅಂದರೆ ಬೇಲಿ

ಇಲ್ಲಿ ಅಂಕ ಹೋಗುವುದು ಹೆಚ್ಚಾಗಿ ಪಕ್ಕದಿಂದ. ವೇಗದ ಹುಡುಗನೊಬ್ಬ ಹೊರಗೆ ಸುತ್ತಿಕೊಂಡು ಓಡಿದರೆ ಹಿಂದಿನಿಂದ ಯಾರೂ ಹಿಡಿಯಲಾರರು. ಎರಡೂ ತುದಿಯ ಮಕ್ಕಳಿಗೆ ಒಂದೇ ಕೆಲಸ ಕೊಡಿ: ನೀನು ಬೇಲಿ, ನಿನ್ನ ಹೊರಗಡೆಯಿಂದ ಯಾರೂ ದಾಟಬಾರದು. ಟ್ಯಾಕಲ್ ಸಿಗದಿದ್ದರೂ ಪರವಾಗಿಲ್ಲ, ಒಳಕ್ಕೆ ತಿರುಗಿಸಿದರೆ ಸಾಕು, ಅಲ್ಲಿ ಗೆಳೆಯರಿದ್ದಾರೆ. ಅತ್ಯಂತ ವೇಗದ ಮಗುವನ್ನಲ್ಲ, ಹೇಳಿದ ಜಾಗ ಬಿಡದ ಮಗುವನ್ನು ಅಲ್ಲಿ ನಿಲ್ಲಿಸಿ.

ಮಧ್ಯದ ಮಕ್ಕಳಿಗೆ ಕರಡಿಯಂತೆ ನಾಲ್ಕು ಕಾಲಲ್ಲಿ ನುಗ್ಗಲು ಕಲಿಸುವ ಕೋಚ್‌ಗಳಿದ್ದಾರೆ. ಅದು ಕೆಲಸ ಮಾಡುತ್ತದೆ, ನಿಜ. ಆದರೆ ತಲೆ ಮುಂದಾಗುತ್ತದೆ. ನಾನು ಅದನ್ನು ಬಿಟ್ಟಿದ್ದೇನೆ, ನೀವೂ ಬಿಡಿ.

ಹಂತ 10: ಪಂದ್ಯದ ದಿನ

ಯಾರು ಯಾವಾಗ ಒಳಗೆ ಬರಬೇಕು ಅನ್ನುವ ಪಟ್ಟಿ ಹಿಂದಿನ ರಾತ್ರಿಯೇ ಬರೆದಿಡಿ. ಮೈದಾನದಲ್ಲಿ ಯೋಚಿಸಲು ಹೋದರೆ ಮೆತ್ತಗಿನ ಮಕ್ಕಳು ಬೆಂಚಿನಲ್ಲೇ ಉಳಿಯುತ್ತಾರೆ. ಸಹಾಯಕರಲ್ಲಿ ಒಬ್ಬರು ಚೆಂಡನ್ನು ನೋಡಬಾರದು. ಎದ್ದು ಬರುವ ಮಕ್ಕಳ ಮುಖ, ನಡಿಗೆ ನೋಡುವುದಷ್ಟೇ ಅವರ ಕೆಲಸ. ಮಗುವನ್ನು ಹೊರಗೆ ಕರೆಯುವ ಅಧಿಕಾರ ಅವರಿಗೆ ಪೂರ್ತಿ ಇರಲಿ, ನಿಮ್ಮನ್ನು ಕೇಳಬೇಕಾಗಿಲ್ಲ.

ಅಂಕ ಬಹಳ ಮುಂದಿದ್ದರೆ ಚೆಂಡನ್ನು ಇನ್ನೂ ಓಡದ ಮಕ್ಕಳ ಕೈಗೆ ಕೊಡಿ. ಹಿಂದಿದ್ದರೆ ಹೊಸ ಪ್ಲೇ ಕಂಡುಹಿಡಿಯಬೇಡಿ, ಗೊತ್ತಿರುವ ಎರಡನ್ನೇ ಆಡಿಸಿ. ಪಂದ್ಯ ಮುಗಿದ ಮೇಲೆ ಭಾಷಣ ಬೇಡ. ಪ್ರತಿ ಮಗುವಿನ ಹೆಸರು ಹಿಡಿದು ಅದು ಇವತ್ತು ಸರಿಯಾಗಿ ಮಾಡಿದ ಒಂದು ಕೆಲಸ ಹೇಳಿ. ಹೆಲ್ಮೆಟ್ ವಾಪಸ್ ತೆಗೆದುಕೊಳ್ಳುವಾಗ ಒಂದು ಕ್ಷಣ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಸಿ.

ಕನ್ಕಷನ್‌ನ ಗುರುತು ಕೆಲವೊಮ್ಮೆ ಗಂಟೆಗಳಾದ ಮೇಲೆ, ಮರುದಿನವೂ ಕಾಣಿಸುತ್ತದೆ. ಶನಿವಾರ ಪಂದ್ಯ ಆದರೆ ಭಾನುವಾರ ಸಂಜೆ ಪ್ರತಿ ಮನೆಗೆ ಸಂದೇಶ ಕಳಿಸಿ: ತಲೆನೋವು ಇದೆಯಾ, ನಿದ್ದೆ ಸರಿಯಾಗಿ ಬಂತಾ, ಕತ್ತು ಆರಾಮಾಗಿ ತಿರುಗುತ್ತಾ? ಉತ್ತರ ಬರದ ಮನೆಗೆ ಫೋನ್ ಮಾಡಿ.